ಗೋಡೆಗಿಟ್ಟ ಕೆನ್ನೆ

ಗೋಡೆ ಇನ್ನೂ ಒದ್ದೆಯಿದೆ ಎಂದು ಹೇಳಬೇಕಾದ ದಿನ ನಾನು ಹೇಳಲಿಲ್ಲ. ಆಮೇಲೆ, ಹೇಳದೆ ಹೋದವನು ನಾನೇ ಎಂದು ಒಪ್ಪಿಕೊಳ್ಳಬೇಕಾದ ದಿನವೂ ಬಂತು. ಅವತ್ತೂ ಬಾಯಿ ಬಿಡಲಿಲ್ಲ. ಎರಡು ಸಲವೂ ನನ್ನ ಪಕ್ಕದಲ್ಲೇ ನಿಂತಿದ್ದವನು ನನ್ನ ತಮ್ಮ ವೀರ.

ಹೋದ ತಿಂಗಳು ವೀರನ ಮಗ ಮೂಡಲಪಾಳ್ಯದಲ್ಲಿ ಕಟ್ಟಿಸುತ್ತಿರುವ ಮನೆ ನೋಡಲು ಹೋಗಿದ್ದೆ. ಬಾಗಿಲಿಲ್ಲದ ಹೊಸ್ತಿಲು ದಾಟಿ ಒಳಗೆ ಕಾಲಿಟ್ಟೆ. ಹೊಸದಾಗಿ ಮೆತ್ತಿದ ಗೋಡೆಯ ವಾಸನೆ ಮೂಗಿಗೆ ಬಂತು. ಈಗಿನದು ಸಿಮೆಂಟು, ನಮ್ಮ ಕಾಲದ್ದು ಸುಣ್ಣದ ಗಾರೆ. ಆದರೂ ಒದ್ದೆ ಗೋಡೆಯ ತಣ್ಣನೆಯ ವಾಸನೆ ಒಂದೇ. ಬಾವಿಗೆ ಬಗ್ಗಿ ನೋಡಿದಾಗ ಬರುತ್ತದಲ್ಲ, ಅಂಥದ್ದು. ನಾನು ಅಲ್ಲೇ ನಿಂತುಬಿಟ್ಟೆ. ಒಳಗಿನಿಂದ ವೀರ ಕೂಗಿದ, "ಬಾ ಅಣ್ಣಯ್ಯ, ಯಾಕೆ ನೆಂಟರ ಥರ ನಿಂತ್ಕೊಂಡೆ?" ಮನಸ್ಸಿನಲ್ಲಿ ನಾನು ಆಗಲೇ, ನಾವಿಬ್ಬರೂ ಹುಡುಗರಾಗಿದ್ದಾಗ ಕೆಲಸ ಮಾಡಿದ ರಾಜಾಜಿನಗರದ ಆ ಮನೆಯೊಳಗೆ ಇದ್ದೆ.

ನಾವು ಕೆಂಗೇರಿಯವರು. ಅಪ್ಪ ಗಾಡಿಯ ಚಕ್ರ ಮಾಡುತ್ತಿದ್ದರು, ನೇಗಿಲು ಕೂರಿಸುತ್ತಿದ್ದರು. ಸುಗ್ಗಿಯಲ್ಲಿ ರೈತರು ಕಣದಿಂದ ರಾಗಿ ಅಳೆದು ಕೊಡುತ್ತಿದ್ದರು. ಅಪ್ಪನಿಗೆ ಕೈ ನಡುಗುವ ಕಾಯಿಲೆ ಬಂದ ಮೇಲೆ ಉಳಿ ನಮ್ಮ ಕೈಗೆ ಬಂತು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ವೀರ ಅಲ್ಲಿಯವರೆಗೂ ಹೋಗಲಿಲ್ಲ. ಅವನಿಗೆ ಅಕ್ಷರಕ್ಕಿಂತ ಹಲಗೆಯ ಮೇಲೇ ಪ್ರೀತಿ. ಮೇಷ್ಟರು ಸ್ಲೇಟು ಕೊಟ್ಟರೆ ಅದರ ಚೌಕಟ್ಟಿನ ಮೂಲೆ ಹೇಗೆ ಸೇರಿಸಿದ್ದಾರೆ ಎಂದು ಬಿಚ್ಚಿ ನೋಡಿ ಒದೆ ತಿಂದವನು.

ರಾಜಾಜಿನಗರ ಆಗ ಇನ್ನೂ ಏಳುತ್ತಿತ್ತು. ಹೊಲಗಳ ನಡುವೆ ಕಲ್ಲು ನೆಟ್ಟು ರಸ್ತೆ ಗುರುತು ಮಾಡಿದ್ದರು. ಅಲ್ಲೊಂದು ಇಲ್ಲೊಂದು ಮನೆ. ಮಿಕ್ಕಿದ್ದೆಲ್ಲ ಕಲ್ಲು, ಮರಳು, ಗಾರೆ ಅರೆಯುವ ಗಾಣ, ಗಾಣದ ಸುತ್ತ ಸುತ್ತುವ ಎತ್ತು. ಮರಗೆಲಸದವರು ಬೇಕು ಎಂಬ ಮಾತು ಕೆಂಗೇರಿಯ ಸಂತೆಗೂ ಬಂತು. ಇಬ್ಬರೂ ಹೊರಟೆವು. ಮಾರೇನಹಳ್ಳಿಯಲ್ಲಿ ಒಬ್ಬ ಗೌಡರ ದನದ ಕೊಟ್ಟಿಗೆಗೆ ಒತ್ತಿಕೊಂಡ ಕೋಣೆಯಲ್ಲಿ ಇರುತ್ತಿದ್ದೆವು. ಬೆಳಿಗ್ಗೆ ಮುದ್ದೆ ಕಟ್ಟಿಕೊಂಡು ಹೊಲದ ಬದುವಿನ ಮೇಲೆ ಸಾಲಾಗಿ ನಡೆದರೆ ರಾಜಾಜಿನಗರ. ನಾನು ಮುಂದೆ, ವೀರ ಹಿಂದೆ. ದಾರಿಯುದ್ದಕ್ಕೂ ಅವನು ಮಾತಾಡುತ್ತಲೇ ಇರುತ್ತಿದ್ದ.

ಅಲ್ಲಿ ನಮ್ಮನ್ನು ಸೇರಿಸಿಕೊಂಡವರು ಅರುಳಪ್ಪ ಮೇಸ್ತ್ರಿ. ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯವರು, ದೊರೆಗಳ ಬಂಗಲೆಗಳಲ್ಲಿ ಒಳಗಿನ ಮರಗೆಲಸ ಮಾಡಿ ಕೂದಲು ಹಣ್ಣಾಗಿದ್ದವರು. ಮನೆ ಎದ್ದು, ಬಾಗಿಲುವಾಡ ನಿಂತು, ಗಾರೆ ಮೆತ್ತಿ ಮುಗಿದ ಮೇಲೆ ಅವರ ಕೆಲಸ ಶುರುವಾಗುತ್ತಿತ್ತು. ಬಾಗಿಲುವಾಡದ ಸುತ್ತ ಹೊಡೆಯುವ ಅಲಂಕಾರದ ಪಟ್ಟಿ, ಫೋಟೋ ನೇತುಹಾಕಲು ಗೋಡೆಯ ಮೇಲ್ಭಾಗದಲ್ಲಿ ಓಡುವ ಪಟ್ಟಿ, ಗೋಡೆಯ ಬುಡಕ್ಕೆ ಹೊಡೆಯುವ ಸ್ಕರ್ಟಿಂಗು ಪಟ್ಟಿ. ನೇಗಿಲು, ಚಕ್ರ ಮಾಡಿದ ನಮಗೆ ಇದೆಲ್ಲ ಆಟದ ಸಾಮಾನಿನ ಹಾಗೆ ಕಂಡಿತ್ತು.

ಮೊದಲ ದಿನವೇ ಸೊಕ್ಕು ಇಳಿಯಿತು. ನಾನು ಅಪ್ಪನ ಮೂಲೆಮಟ್ಟ ಇಟ್ಟು ಎರಡು ಪಟ್ಟಿಗಳ ತುದಿಯನ್ನು ಓರೆಯಾಗಿ, ಕರಾರುವಾಕ್ಕಾಗಿ ಕೊಯ್ದಿದ್ದೆ. ಕೋಣೆಯ ಮೂಲೆಗೆ ಕೂರಿಸಿದರೆ ನಡುವೆ ಬೆರಳು ತೂರುವಷ್ಟು ಸಂದಿ. ಇನ್ನೊಮ್ಮೆ ಕೊಯ್ದೆ, ಮತ್ತೆ ಸಂದಿ. ಅರುಳಪ್ಪ ಮೇಸ್ತ್ರಿ ಬೀಡಿ ಸೇದುತ್ತಾ ನೋಡುತ್ತಿದ್ದವರು ನಕ್ಕರು.

"ಏನ್ ಆಚಾರಿ, ಮೂಲೆಮಟ್ಟ ಹಿಡ್ಕೊಂಡು ಗೋಡೆ ಹತ್ರ ಜಗಳಕ್ಕೆ ಹೋಗಿದೀಯಾ?"

"ನನ್ನ ಅಳತೆ ಸರಿಯಾಗೈತೆ ಮೇಸ್ತ್ರಿ. ಗೋಡೇನೇ ಸೊಟ್ಟ."

"ಸೊಟ್ಟಾನೇ. ಎಲ್ಲಾ ಗೋಡೇನೂ ಸೊಟ್ಟಾನೇ. ಆದರೆ ಅದು ಮೊದಲು ಬಂತು, ನೀನು ಆಮೇಲೆ ಬಂದೆ. ಅದು ಹೇಳಿದ್ದು ನೀನು ಕೇಳ್ಬೇಕು."

ಆಮೇಲೆ ತೋರಿಸಿಕೊಟ್ಟರು. ಒಳಮೂಲೆಗೆ ಎರಡೂ ಪಟ್ಟಿಯನ್ನು ಓರೆ ಕೊಯ್ಯಬಾರದು. ಒಂದು ಪಟ್ಟಿ ನೇರವಾಗಿ ಗೋಡೆಗೆ ಮುಟ್ಟಬೇಕು. ಅದರ ಉಬ್ಬುತಗ್ಗಿನ ಆಕಾರವನ್ನೇ ಎರಡನೆಯದರ ತುದಿಯಲ್ಲಿ ಕೊರೆದು, ಮೊದಲನೆಯದರ ಮೈಮೇಲೆ ಕೂರಿಸಬೇಕು. ಆಗ ಮೂಲೆ ಸೊಟ್ಟಗಿದ್ದರೂ ಸಂದಿ ಕಾಣುವುದಿಲ್ಲ. ನಾನು ಎಷ್ಟೋ ತುಂಡು ಹಾಳುಮಾಡಿ ಕಲಿತೆ. ವೀರ ಒಮ್ಮೆ ನೋಡಿದ, ಎರಡನೆಯ ತುಂಡಿಗೆ ಕೈ ಕೂತುಬಿಟ್ಟಿತು. ಸಣ್ಣ ಗರಗಸವನ್ನು ಬಾಗಿಸಿ ಹಿಡಿದು, ನಾಲಗೆ ಒಂದಿಷ್ಟು ಹೊರಗೆ ಹಾಕಿ, ಉಸಿರು ಬಿಗಿಹಿಡಿದು ಕೊರೆಯುತ್ತಿದ್ದ. ಕೂರಿಸಿದ ಮೇಲೆ ಸಂದಿಯ ಮೇಲೆ ಉಗುರು ಎಳೆದು ನೋಡುತ್ತಿದ್ದ. ಉಗುರು ಎಲ್ಲೂ ತಡೆಯದೆ ಜಾರಿದರೆ ನನ್ನ ಕಡೆ ತಿರುಗಿ ಹಲ್ಲು ಬಿಡುತ್ತಿದ್ದ.

"ನಾವು ಕೊನೇಲಿ ಬರೋರು," ಎಂದು ಮೇಸ್ತ್ರಿ ಆಗಾಗ ಹೇಳುತ್ತಿದ್ದರು. "ಗಾರೆಯವನ ತಪ್ಪು, ಬಾಗಿಲು ನಿಲ್ಲಿಸಿದವನ ತಪ್ಪು, ಎಲ್ಲಾ ನಮ್ಮ ಪಟ್ಟಿ ಕೆಳಗೆ ಮುಚ್ಚಿಹೋಗ್ತದೆ. ನಮ್ಮ ತಪ್ಪು ಮುಚ್ಚೋಕೆ ನಮ್ಮ ಹಿಂದೆ ಯಾರೂ ಬರಲ್ಲ ತಂಬಿ."

ಅವರು ಕಲಿಸಿದ ಇನ್ನೊಂದು ಪಾಠ ಗೋಡೆಯ ಒದ್ದೆ ನೋಡುವುದು. ಒದ್ದೆ ಗೋಡೆಗೆ ಮರ ಹೊಡೆದರೆ, ಮರದ ಬೆನ್ನು ನೀರು ಕುಡಿದು ಉಬ್ಬುತ್ತದೆ, ಪಟ್ಟಿ ಬಿಲ್ಲಿನಂತೆ ಬಾಗುತ್ತದೆ, ಮೂಲೆ ಬಿಡುತ್ತದೆ. ಅದಕ್ಕೆ ಮುಂಚೆ ಗೋಡೆ ನೋಡಬೇಕು. ಕೈಯಲ್ಲಲ್ಲ. "ನಮ್ಮ ಕೈ ಕಾಯಿಕಟ್ಟಿರ್ತದೆ, ಅದಕ್ಕೆ ಒದ್ದೆ ತಿಳಿಯಲ್ಲ, ಸುಳ್ಳು ಹೇಳ್ತದೆ. ಕೆನ್ನೆ ಸುಳ್ಳು ಹೇಳಲ್ಲ." ಹೀಗೆಂದು ಅವರು ಗೋಡೆಗೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಮಗುವಿಗೆ ಜ್ವರ ಇದೆಯೇ ಎಂದು ತಾಯಿ ನೋಡುವ ಹಾಗೆ.

ನಾವು ಆಗ ಕೆಲಸ ಮಾಡುತ್ತಿದ್ದ ಆ ಮನೆ ಗುರುಸಿದ್ದಪ್ಪನವರದು. ಗದಗಿನ ಕಡೆಯವರು, ಅರಳೆ ವ್ಯಾಪಾರ. ಯಾವುದೋ ಅಧಿಕಾರಿಯ ಬಂಗಲೆಯಲ್ಲಿ ಗೋಡೆಯ ಬುಡಕ್ಕೆ ಸಾಗುವಾನಿ ಪಟ್ಟಿ ಹೊಡೆದದ್ದು ನೋಡಿ, ತಮ್ಮ ಮನೆಗೂ ಅದೇ ಆಗಬೇಕೆಂದು ಹಟ ಹಿಡಿದಿದ್ದರು. ಅವರ ಹೆಂಡತಿ ನೀಲಮ್ಮನವರು ದಿನಾ ಮಧ್ಯಾಹ್ನ ಜಟಕಾದಲ್ಲಿ ಬಂದು, ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿ ನಮಗೂ ಕೊಡುತ್ತಿದ್ದರು. ವೀರನೆಂದರೆ ಅವರಿಗೆ ಅಚ್ಚುಮೆಚ್ಚು. ಅವನು ಗೋಡೆಗೆ ಕೆನ್ನೆ ಒತ್ತಿ ನಿಂತದ್ದನ್ನು ಮೊದಲ ಸಲ ನೋಡಿದಾಗ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು.

"ಯಾಕೋ ತಮ್ಮಾ, ಗ್ವಾಡಿಗೆ ಮುದ್ದು ಕೊಡಾಕತ್ತಿ? ನಿಮ್ಮಣ್ಣಗ ಹೇಳಿ ಲಗೂನ ಒಂದು ಹೆಣ್ಣು ನೋಡಸ್ಬೇಕು ನಿನಗ!"

ವೀರ ಕೆಂಪಾದ, ಆದರೆ ಕೆನ್ನೆ ತೆಗೆಯಲಿಲ್ಲ. "ಒಂದ್ನಿಮಿಷ ಇರ್ರಮ್ಮಾ, ಇನ್ನೂ ಏನೋ ಹೇಳ್ತಾ ಐತೆ," ಎಂದ. ಕೂಲಿಯವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಹೊತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ, ಜನರ ಎದುರಿಗೆ ನಾನು ಮಾತ್ರ ಹೀಗೆ ನಿಲ್ಲುವುದಿಲ್ಲ ಎಂದು.

ಯುಗಾದಿ ಕಳೆಯಿತು. ಮಾವಿನಕಾಯಿ ಉದುರಿಸುವ ಮಳೆ ಬಂತು. ಗಾರೆಯವರು ತಮ್ಮ ಊರಿನ ಹೊಲ ಉಳಲು ಹೊರಟುಹೋದರು. ಹೀಗಾಗಿ ಬಚ್ಚಲಿಗೆ ಅಂಟಿಕೊಂಡ ಪೂಜೆಯ ಕೋಣೆಗೆ ಗಾರೆ ಮೆತ್ತಿದ್ದು ಎಲ್ಲಕ್ಕಿಂತ ತಡವಾಗಿ. ಗೃಹಪ್ರವೇಶದ ಮುಹೂರ್ತ ಮಾತ್ರ ಮುಂದಕ್ಕೆ ಹೋಗುವಂತಿರಲಿಲ್ಲ. ಆಷಾಢ ಬಂದರೆ ಮನೆ ಹೊಗುವ ಹಾಗಿಲ್ಲ.

ಅದೇ ಸಮಯಕ್ಕೆ ಅರುಳಪ್ಪ ಮೇಸ್ತ್ರಿಗೆ ದಂಡಿನಲ್ಲಿ ದೊಡ್ಡ ಕೆಲಸ ಗೊತ್ತಾಯಿತು. ಹಳೆಯ ಬಂಗಲೆ, ಒಳಗಿನ ಮರವೆಲ್ಲ ಹೊಸದಾಗಬೇಕು, ಮರದ ಮೆಟ್ಟಿಲು, ಹಿಡಿದು ಹತ್ತಲು ಅದರ ಪಕ್ಕ ಹಾವಿನಂತೆ ತಿರುಗಿ ಇಳಿಯುವ ಕೈಪಿಡಿ. ಅದರ ಅಳತೆಗೆ ಅವರು ಹೊರಟು ನಿಂತಾಗ ನಮ್ಮಿಬ್ಬರನ್ನೂ ಕರೆದರು.

"ಇಲ್ಲಿ ಉಳಿದಿದ್ದು ನೀವಿಬ್ಬರೇ ಮುಗ್ಸಿ. ನೀಟಾಗಿದ್ರೆ ಇಬ್ಬರನ್ನೂ ಅಲ್ಲಿಗೆ ಕರ್ಕೊಂಡು ಹೋಗ್ತೀನಿ. ದೊಡ್ಡೋನೇ, ನೀನು ಮೇಲೆ ನಿಂತು ನೋಡ್ಕೋ. ತಂಬಿ, ಮೂಲೆ ಎಲ್ಲಾ ನಿಂದು."

ಆ ದಿನದಿಂದ ದಾರಿಯಲ್ಲಿ ವೀರನಿಗೆ ಕೈಪಿಡಿಯದೇ ಮಾತು. "ಅಣ್ಣಯ್ಯ, ಮರಾನ ಅಷ್ಟು ಬಗ್ಸೋದು ಹೆಂಗೆ? ಬಗ್ಸ್ತಾರಾ, ಕೊರೀತಾರಾ?" ಬದುವಿನ ಮೇಲೆ ನಡೆಯುತ್ತಾ ಗಾಳಿಯಲ್ಲಿ ಕೈ ಬಳುಕಿಸಿ, ಇಲ್ಲದ ಕೈಪಿಡಿಯನ್ನು ಸವರುತ್ತಾ ಬರುತ್ತಿದ್ದ. ಇನ್ನು ನನ್ನ ಸಂಗತಿ. ಗುರುಸಿದ್ದಪ್ಪನವರು ನನ್ನನ್ನು "ಮೇಸ್ತ್ರಿ" ಎಂದು ಕರೆಯಲು ಶುರುಮಾಡಿದ್ದರು. ಹುಟ್ಟಿದಾಗಿನಿಂದ ಯಾರೂ ಹಾಗೆ ಕರೆದಿರಲಿಲ್ಲ. ಆ ಒಂದು ಮಾತು ಕೇಳಲು ನಾನು ಬೇಕೆಂದೇ ಅವರ ಎದುರು ಸುಳಿಯುತ್ತಿದ್ದೆ.

ಪೂಜೆಯ ಕೋಣೆಯ ಪಟ್ಟಿಗಳನ್ನು ವೀರ ಕೊರೆದು ಸಿದ್ಧಮಾಡಿ ಒರಗಿಸಿ ಇಟ್ಟಿದ್ದ, ಹೊಡೆದಿರಲಿಲ್ಲ. ದಿನಾ ಬೆಳಿಗ್ಗೆ ಬಚ್ಚಲಿನ ಕಡೆಯ ಗೋಡೆಗೆ ಕೆನ್ನೆ ಒತ್ತುವನು, ತಲೆ ಆಡಿಸುವನು. ಗುರುಸಿದ್ದಪ್ಪನವರು ಒಂದು ದಿನ ಪುರೋಹಿತರನ್ನೂ ನೆಂಟರನ್ನೂ ಕರೆದುಕೊಂಡು ಮನೆ ತೋರಿಸಲು ಬಂದರು. ಒರಗಿಸಿಟ್ಟ ಪಟ್ಟಿ ಅವರ ಕಣ್ಣಿಗೆ ಬಿತ್ತು.

"ಏನ್ ಮೇಸ್ತ್ರಿ, ದೇವರ ಖೋಲಿ ಬಾಕಿ ಇಟ್ಟೀಯಲ್ಲ? ಆಷಾಢ ಬಾಗಲದಾಗ ನಿಂತೈತಿ."

ನಾನು ಬಾಯಿ ತೆರೆಯುವ ಮುಂಚೆ ವೀರ ಮೆಲ್ಲಗೆ ಹೇಳಿದ. "ಅಣ್ಣಯ್ಯ, ಗೋಡೆ ಇನ್ನೂ ತಣ್ಣಗೈತೆ. ಪೂಜೆ ಆಗೋಗ್ಲಿ, ಪಟ್ಟಿ ಆಮೇಲೆ ಹೊಡ್ಯಾಣ. ಪಟ್ಟಿ ಇಲ್ದಿದ್ರೆ ದೇವ್ರೇನು ಬ್ಯಾಡ ಅಂತಾನಾ?"

ನೆಂಟರು ನಕ್ಕರು. ಅವರು ನಕ್ಕದ್ದು ಅವನ ಮಾತಿನ ಸೊಗಸಿಗೆ. ನನಗೆ ಮಾತ್ರ, ಇವರಿಬ್ಬರಲ್ಲಿ ಮೇಸ್ತ್ರಿ ಯಾರು ಎಂದು ನಕ್ಕ ಹಾಗೆ ಕೇಳಿಸಿತು. ಗುರುಸಿದ್ದಪ್ಪನವರು ನನ್ನ ಮುಖ ನೋಡಿದರು. "ನೀ ಏನಂತಿ ಮೇಸ್ತ್ರಿ? ಒಣಗೈತೋ ಇಲ್ಲೋ?"

ಕೆನ್ನೆ ಇಟ್ಟು ನೋಡಬೇಕಿತ್ತು. ಎಲ್ಲರೂ ನೋಡುತ್ತಿದ್ದರು. ನಾನು ಹೋಗಿ ಗೋಡೆಗೆ ಅಂಗೈ ಇಟ್ಟೆ. ಚಕ್ರ ಮಾಡಿ ಕಾಯಿಕಟ್ಟಿದ ಅಂಗೈ. ಅದಕ್ಕೆ ಏನೂ ತಿಳಿಯಲಿಲ್ಲ.

"ಒಣಗೈತೆ ಯಜಮಾನ್ರೆ," ಎಂದೆ. ವೀರನ ಕಡೆ ತಿರುಗಿ ಗದರಿಸಿದೆ, "ನಿಂಗೇನ್ ಗೊತ್ತಾಗ್ತೈತೋ, ಮೀಸೆ ಮೊಳೀದೋನೆ. ಹೊಡಿ ಪಟ್ಟೀನ."

ವೀರ ಸುತ್ತಿಗೆ ತೆಗೆದುಕೊಂಡ. ನಮ್ಮ ಮನೆಯಲ್ಲಿ ಹಿರಿಯವನ ಮಾತಿಗೆ ನಾಲ್ಕು ಜನರ ಎದುರು ಎದುರಾಡುವುದಿಲ್ಲ. ಅಪ್ಪ ಕಲಿಸಿದ್ದು ಅದನ್ನೇ. ಅವನು ಮೊಳೆ ಹೊಡೆದ. ಹೊಡೆದ ಪ್ರತಿ ಮೊಳೆಯ ತಲೆಯನ್ನೂ ಒಳಕ್ಕೆ ಇಳಿಸಿ, ಆ ಗುಳಿಯೊಳಗೆ ಅಂಟಿನಲ್ಲಿ ಕಲಸಿದ ಮರದ ಪುಡಿ ತುಂಬಿ, ನಯವಾಗಿ ಉಜ್ಜಿದ. ಹಾಳಾಗುತ್ತದೆ ಎಂದು ಗೊತ್ತಿದ್ದ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಿದವನನ್ನು ನಾನು ಬೇರೆ ನೋಡಿಲ್ಲ. ಮಳೆಯಲ್ಲಿ ಮಾರೇನಹಳ್ಳಿಗೆ ಹಿಂತಿರುಗುವಾಗ ಅವನು ಕೈಪಿಡಿಯ ಮಾತು ಎತ್ತಲಿಲ್ಲ.

ಗೃಹಪ್ರವೇಶ ಚೆನ್ನಾಗಿಯೇ ಆಯಿತು. ನೀಲಮ್ಮನವರು ನನಗೂ ವೀರನಿಗೂ ಪಂಚೆ ಕೊಟ್ಟರು. ಆ ವರ್ಷದ ಮಳೆ ಬಿಡುವು ಕೊಡಲಿಲ್ಲ. ನಾವು ಪಕ್ಕದ ಬೀದಿಯ ಮನೆಯೊಂದರಲ್ಲಿ ಸಣ್ಣಪುಟ್ಟ ಕೆಲಸ ಮಾಡಿಕೊಂಡು, ದಂಡಿನ ಬಂಗಲೆ ಶುರುವಾಗುವುದನ್ನು ಕಾಯುತ್ತಿದ್ದೆವು.

ಕನ್ನಡ ನಾಡು ಒಂದಾದ ವರ್ಷ ಅದು. ದೀಪಾವಳಿಯ ಹೊತ್ತಿಗೆ ಗುರುಸಿದ್ದಪ್ಪನವರಿಂದ ಕರೆ ಬಂತು. ಅರುಳಪ್ಪ ಮೇಸ್ತ್ರಿ ಆಗಲೇ ಅಲ್ಲಿದ್ದರು. ಪೂಜೆಯ ಕೋಣೆಯಲ್ಲಿ ಪಟ್ಟಿ ಬಸುರಿಯ ಹೊಟ್ಟೆಯಂತೆ ಗೋಡೆಯಿಂದ ಮುಂದೆ ಬಂದಿತ್ತು. ಪಾಲೀಶು ಬಿಳಿಚಿಕೊಂಡಿತ್ತು. ವೀರ ಉಗುರು ಎಳೆದು ನೋಡಿದ್ದ ಮೂಲೆಗಳು ಬಾಯಿ ಬಿಟ್ಟಿದ್ದವು.

"ನೋಡ್ರಪಾ," ಎಂದರು ಗುರುಸಿದ್ದಪ್ಪನವರು. "ಕನ್ನಡದ ಮಂದಿಯೆಲ್ಲ ಒಂದಾದ್ವಿ. ನಿಮ್ಮ ಮೂಲಿ ಮಾತ್ರ ಬ್ಯಾರೆ ಆಗ್ಯಾವ."

ಯಾರೂ ನಗಲಿಲ್ಲ. ಅರುಳಪ್ಪ ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು ಮೂಲೆ ಮುಟ್ಟಿ ನೋಡಿದರು. "ಕೊರೆದಿರೋದು ಚೆನ್ನಾಗದೆ. ಹೊಡೆದಿರೋದು ಒದ್ದೆ ಗೋಡೆಗೆ. ಯಾರು ಮಾಡಿದ್ದು?"

ಗುರುಸಿದ್ದಪ್ಪನವರು ನನ್ನನ್ನು ನೋಡುತ್ತಿದ್ದರು. ಅವತ್ತು ನಾನು ಒಣಗಿದೆ ಎಂದದ್ದು ಅವರಿಗೆ ನೆನಪಿತ್ತೋ ಇಲ್ಲವೋ ನಾನರಿಯೆ. ನೆಂಟರ ಗದ್ದಲದಲ್ಲಿ ಮರೆತಿದ್ದಿರಬಹುದು. ನಾನು ಹೇಳಿದೆ, "ಈ ಕೋಣೆ ವೀರಂದು ಮೇಸ್ತ್ರಿ."

ಅದು ಸುಳ್ಳಲ್ಲ. ಪಟ್ಟಿ ಕೊರೆದದ್ದು ಅವನು, ಮೊಳೆ ಹೊಡೆದದ್ದು ಅವನು. ಸುಳ್ಳಲ್ಲದ ಮಾತನ್ನು ಹುಡುಕಿ ತೆಗೆದು ತಮ್ಮನ ತಲೆಯ ಮೇಲೆ ಹಾಕಿದೆ.

ಮೇಸ್ತ್ರಿ ಅವನತ್ತ ತಿರುಗಿದರು. "ಕೆನ್ನೆ ಇಟ್ಟು ನೋಡಿದ್ಯಾ ತಂಬಿ?"

"ಇಟ್ಟಿದ್ದೆ."

"ಏನು ಹೇಳ್ತು ಗೋಡೆ?"

ವೀರ ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ. ನದಿ ದಾಟುವಾಗ ಚಿಕ್ಕವನು ದೊಡ್ಡವನ ಕೈಗಾಗಿ ನೋಡುತ್ತಾನಲ್ಲ, ಹಾಗೆ. ನಾನು ಕೆಂಪು ನೆಲ ನೋಡುತ್ತಾ ನಿಂತೆ. ಒದ್ದೆ ಎಂದರೆ ಅಣ್ಣ ಸಿಕ್ಕಿಬೀಳುತ್ತಾನೆ. ಒಣಗಿತ್ತು ಎನ್ನಲು ಅವನಿಗೆ ಬಾಯಿ ಬಾರದು.

"ನಂಗೆ ತಿಳೀಲಿಲ್ಲ ಮೇಸ್ತ್ರಿ," ಎಂದ.

ಮೇಸ್ತ್ರಿ ಮೂಲೆಯಿಂದ ಕೈ ತೆಗೆದು ಮೇಲೆದ್ದರು. ಬೈದಿದ್ದರೆ ಚೆನ್ನಾಗಿತ್ತು. "ಗೋಡೆ ತಿಳೀದೋನಿಗೆ ಒಳಗಿನ ಕೆಲ್ಸ ಬೇಡಪ್ಪ," ಎಂದರು. "ನಿನ್ನ ಕೈ ಒಳ್ಳೇದು. ಊರಲ್ಲೇ ಇರು, ಚಕ್ರ ಮಾಡು."

ನೀಲಮ್ಮನವರು ಬಾಗಿಲಲ್ಲಿ ನಿಂತು, "ಹುಡುಗ ಅದಾನ, ಇರ್ಲಿ ಬಿಡ್ರಿ" ಎಂದರು. ಮೇಸ್ತ್ರಿ ಕೇಳಲಿಲ್ಲ.

ಮರುದಿನ ವೀರ ತನ್ನ ಉಳಿ, ಗರಗಸಗಳನ್ನು ಗೋಣಿಯಲ್ಲಿ ಸುತ್ತಿಕೊಂಡ. ಮೈಸೂರು ರಸ್ತೆಯವರೆಗೂ ನಾನು ಜೊತೆಗೆ ಹೋದೆ. ಹೇಳುತ್ತೇನೆ, ಈ ಮರ ಬಂದಾಗ ಹೇಳುತ್ತೇನೆ, ಆ ಬಾವಿ ಬಂದಾಗ ಹೇಳುತ್ತೇನೆ ಎಂದುಕೊಳ್ಳುತ್ತಾ ನಡೆದೆ. ಬಸ್ಸು ಬಂತು. ಹತ್ತುವ ಮುಂಚೆ ಅವನು, "ಕೈಪಿಡಿ ಹೆಂಗ್ ಮಾಡ್ತಾರೆ ಅಂತ ನೋಡ್ಕೊಂಡ್ ಬಂದು ಹೇಳು ಅಣ್ಣಯ್ಯ," ಎಂದ.

ನಾನು ಆ ಕೈಪಿಡಿ ಮಾಡಿದೆ. ಆಮೇಲೆ ನಿಜವಾಗಿ ಮೇಸ್ತ್ರಿಯಾದೆ; ಬಸವೇಶ್ವರನಗರ, ವಿಜಯನಗರದ ಎಷ್ಟೋ ಮನೆಗಳ ಒಳಗೆ ನನ್ನ ಕೈ ಇದೆ. ವೀರ ಕೆಂಗೇರಿಯಲ್ಲಿ ಚಕ್ರ ಮಾಡಿದ. ಗಾಡಿಗಳಿಗೆ ಟೈರು ಬಂದ ಮೇಲೆ ಮಂಚ, ಬೆಂಚು ಮಾಡಿದ. ಕೈಪಿಡಿ ಹೇಗೆ ಮಾಡುತ್ತಾರೆಂದು ನಾನು ಅವನಿಗೆ ಎಂದೂ ಹೇಳಲಿಲ್ಲ, ಅವನೂ ಮತ್ತೆ ಕೇಳಲಿಲ್ಲ. ನನ್ನ ಮೊದಲ ಮಗಳು ಹುಟ್ಟಿದಾಗ ಒಂದು ತೊಟ್ಟಿಲು ಹೊತ್ತುಕೊಂಡು ಬಂದ. ಅದರ ಅಂಚಿಗೆ ಗುರುಸಿದ್ದಪ್ಪನವರ ಮನೆಯ ಪಟ್ಟಿಯ ಅದೇ ಉಬ್ಬು, ಅದೇ ತಗ್ಗು. ಅವನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ನಾನು ಮೂಲೆಯ ಮೇಲೆ ಉಗುರು ಎಳೆದು ನೋಡಿದೆ. ಎಲ್ಲೂ ತಡೆಯಲಿಲ್ಲ.

ಪ್ರತಿ ಯುಗಾದಿಗೂ ಬಂದು ಕಾಲು ಮುಟ್ಟುತ್ತಾನೆ. ನಾನು ತಲೆಯ ಮೇಲೆ ಕೈ ಇಟ್ಟು ಒಳ್ಳೇದಾಗಲಿ ಎನ್ನುತ್ತೇನೆ. ನಮ್ಮಲ್ಲಿ ತಪ್ಪಾಯಿತು ಎನ್ನುವ ಮಾತು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಅಣ್ಣನಿಂದ ತಮ್ಮನಿಗೆ ಇಳಿದು ಬರುವ ದಾರಿಯನ್ನು ಯಾರೂ ತೋರಿಸಿಕೊಟ್ಟಿರಲಿಲ್ಲ. ಅದನ್ನೇ ನೆಪಮಾಡಿಕೊಂಡು ಇಷ್ಟು ವರ್ಷ ಬದುಕಿದೆ.

ಮೂಡಲಪಾಳ್ಯದ ಆ ಹೊಸ ಮನೆಯಲ್ಲಿ ವೀರ ಒಂದು ಕೋಣೆಯ ನಡುವೆ ನಿಂತಿದ್ದ. ತಲೆ ಪೂರಾ ಬೆಳ್ಳಗಾಗಿದೆ. ಮಗನ ಮನೆಗೆ ಪಟ್ಟಿ ತಾನೇ ಹೊಡೆಯುತ್ತೇನೆಂದು ಹಟ ಹಿಡಿದು, ಕೊರೆದು ಗೋಡೆಗೆ ಒರಗಿಸಿಟ್ಟಿದ್ದ. ಅವನ ಮಗ ಗಡಿಯಾರ ನೋಡುತ್ತಾ, "ದೊಡ್ಡಪ್ಪ, ನೀವಾದ್ರೂ ಹೇಳಿ. ಒಣಗಿದೆ ಅಂದ್ರೆ ಕೇಳಲ್ಲ, ದಿನಾ ಗೋಡೆಗೆ ಮುಖ ಒತ್ಕೊಂಡು ನಿಂತಿರ್ತಾರೆ. ನೋಡಿದವರು ಏನಂದ್ಕೋತಾರೆ?" ಎಂದ.

"ಹೌದಪ್ಪ, ನಿಮ್ಮ ದೊಡ್ಡಪ್ಪ ಮೇಸ್ತ್ರಿ. ಅವನೇ ಹೇಳ್ಲಿ," ಎಂದು ವೀರ ನಕ್ಕ. "ನೋಡು ಅಣ್ಣಯ್ಯ, ಒಣಗೈತಾ?"

ನನ್ನ ಕೈ ಎಂದಿನಂತೆ ತಾನಾಗಿ ಮೇಲೆದ್ದಿತು. ಅದನ್ನು ಇಳಿಸಿದೆ. ಕನ್ನಡಕ ತೆಗೆದು ಜೇಬಿಗೆ ಹಾಕಿದೆ. ಗಾರೆಯವರು ಕರಣೆ ಹಿಡಿದು ನೋಡುತ್ತಿದ್ದರು, ಹುಡುಗ ನೋಡುತ್ತಿದ್ದ. ಗೋಡೆಯ ಹತ್ತಿರ ಹೋಗಿ ಕೆನ್ನೆ ಒತ್ತಿ, ಕಣ್ಣು ಮುಚ್ಚಿದೆ. ಆಳದಿಂದ ತಣ್ಣಗೆ ಬಂದು ತಾಕಿತು. ಕಣ್ಣು ತೆರೆಯಲು ಧೈರ್ಯವಾಗಲಿಲ್ಲ. ಕೆನ್ನೆ ಅಲ್ಲೇ ಇಟ್ಟುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಒದ್ದೆ ಐತೆ ಕಣೋ ವೀರ. ಅವತ್ತೂ ಒದ್ದೆನೇ ಇತ್ತು. ನಿಂಗೆ ತಿಳಿದಿತ್ತು, ನೀನು ಹೇಳಿದ್ದೆ. ಸುಳ್ಳು ಹೇಳಿದೋನು ನಾನು. ತಪ್ಪಾಯ್ತು ಕಣಪ್ಪ."